ಹೇಳದೆ ಉಳಿದ ಕಥೆಯ ಮುನಿಸು



ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಉಸಿರುಕಟ್ಟಿದ ಅವೆರಡೂ ಒಂದು ದಿನ ಆಕೆ ಮಲಗಿದ್ದಾಗ ಬಾಯಿಂದ ಹೊರಬಿದ್ದವು. ಕಥೆ ಜೋಡುಗಳಾಗಿ ಬಾಗಿಲ ಬಳಿ ಕುಳಿತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿದ್ದಿತು. ಗಂಡನಿಗೆ ಅನುಮಾನ ಬಂತು. ಜಗಳವಾಡಿ ಹನುಮಂತನ ಗುಡಿಗೆ ಮಲಗಲು ಹೋದ. ರಾತ್ರಿ ಊರ ದೀಪಗಳ ಜ್ಯೋತಿಗಳೆಲ್ಲ ಅಲ್ಲಿ ಸೇರಿ ಹರಟುವಾಗ ನಿಜ ಸಂಗತಿ ಅವನಿಗೆ ತಿಳಿಯಿತು.

ಉಕ್ಕಡಗಾತ್ರಿಯಂಥ ಹೊಳೆದಂಡೆಯ ಊರುಗಳಲ್ಲಿ ಅಜ್ಜಿಯರ ಬಾಯಲ್ಲಿ ಬಾಳಿದ್ದು ಇಂಥ ಕಥೆಗಳೇ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ ಅವನ್ನು ಕೂಡಿಹಾಕಿದರು. ಅವರಿಂದ ಕೇಳಿದ ಎರಡು ಕಥೆಗಳನ್ನು ಹೆಣೆದು ಗಿರೀಶ ಕಾರ್ನಾಡರು ‘ನಾಗಮಂಡಲ’ ಬರೆದರು. 1987–88ರಲ್ಲಿ ಅವರು ಅದೇ ವಿಶ್ವವಿದ್ಯಾಲಯದಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ಅವರದೇ ಇಂಗ್ಲಿಷ್ ಅನುವಾದವನ್ನು ಅಲ್ಲಿನ ವಿದ್ಯಾರ್ಥಿಗಳು ಆಡಿದರು. 1993ರಲ್ಲಿ ಮಿನಿಯಾಪೊಲಿಸ್‌ನ ಗಥ್ರಿ ಥಿಯೇಟರ್ ಅದನ್ನು ರಂಗಕ್ಕೆ ತಂದಿತು. ಅದೇ ವರ್ಷ ರಾಮಾನುಜನ್ ತೀರಿಕೊಂಡರು.

ಅಮೆರಿಕದವರಿಗೆ ಕಥೆಯನ್ನು ರಂಗಕ್ಕೇರಿಸುವುದು ಹೊಸತಾಗಿರಲಿಲ್ಲ. ಇಪ್ಪತ್ತು ವರ್ಷ ನಿದ್ದೆಹೋದ ರಿಪ್ ವ್ಯಾನ್ ವಿಂಕಲ್‌ನ ಪಾತ್ರವನ್ನೇ ಜೋಸೆಫ್ ಜೆಫರ್ಸನ್ ಎಂಬ ನಟ ಹತ್ತೊಂಬತ್ತನೆಯ ಶತಮಾನದಲ್ಲಿ ದಶಕಗಟ್ಟಲೆ ಆಡಿದ್ದ. ಆದರೆ ಬಾಯಿಮಾತಿನ ಕಥೆ ರಂಗಕ್ಕೆ ಬಂದಾಗ ಒಂದು ತೊಡಕು ಎದುರಾಗುತ್ತದೆ. ‘ನಾಗ ಗಂಡನ ರೂಪ ತಾಳಿತು’ ಎಂದು ಅಜ್ಜಿ ಹೇಳಿದರೆ ಸಾಕು, ಕೇಳುವವರು ಒಪ್ಪುತ್ತಾರೆ. ರಂಗದಲ್ಲಿ ಗಂಡ ಅಪ್ಪಣ್ಣನೂ ನಾಗನೂ ಒಬ್ಬನೇ ನಟನ ಮೈಯಲ್ಲಿ ಕಾಣುತ್ತಾರೆ. ಆಗ ನೋಡುವವರಿಗೆ ಪ್ರಶ್ನೆ ಏಳುತ್ತದೆ: ಹಗಲು ಬೈಯುವವನೂ ಇರುಳು ಮುದ್ದಿಸುವವನೂ ಬೇರೆ ಎಂದು ರಾಣಿಗೆ ಗೊತ್ತಾಗಲಿಲ್ಲವೇ?

ನಾಟಕದ ಕುತ್ತು ಇಲ್ಲಿಯೇ ಇದೆ. ಬಸಿರಾದ ರಾಣಿಯನ್ನು ಪಂಚಾಯಿತಿ ವಿಚಾರಿಸುತ್ತದೆ. ಸೂಳೆಯ ಮನೆಗೆ ಹೋಗುವ ಗಂಡನನ್ನು ಯಾರೂ ಪ್ರಮಾಣಕ್ಕೆ ಕರೆಯುವುದಿಲ್ಲ. ಆಕೆ ಹಾವನ್ನು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲ ಎನ್ನುತ್ತಾಳೆ. ಹೇಳಿದ್ದು ಅಕ್ಷರಶಃ ನಿಜ. ಹಾವು ಹೆಡೆಬಿಚ್ಚಿ ನೆರಳಾಗುತ್ತದೆ. ಅವಳನ್ನು ವಿಚಾರಣೆಗೆ ನಿಲ್ಲಿಸಿದ್ದ ಊರೇ ಅವಳನ್ನು ದೇವಿಯೆನ್ನುತ್ತದೆ. ನಡುವೆ ಮನುಷ್ಯಳಾಗಿ ಬಾಳಲು ಮಾತ್ರ ಅವಳಿಗೆ ಜಾಗವಿಲ್ಲ.

ರಾಮಾನುಜನ್ ಕೊಟ್ಟ ಇನ್ನೊಂದು ಕನ್ನಡ ಕಥೆ, ಹೂಮರವಾಗುವ ಹುಡುಗಿಯದು. ಅದನ್ನು ಅಮೆರಿಕದ ಜಾನ್ ಆಡಮ್ಸ್ ಸಂಗೀತನಾಟಕವಾಗಿಸಿದರು. 2006ರಲ್ಲಿ ಅದು ವಿಯೆನ್ನಾದಲ್ಲಿ ಮೊದಲು ಪ್ರದರ್ಶನವಾಯಿತು.

ಈ ಕಥೆಗಳು ಕಡಲು ದಾಟಿದ್ದು ಯಾರೋ ಹೇಳಿದ್ದರಿಂದ, ಯಾರೋ ಕಿವಿಗೊಟ್ಟಿದ್ದರಿಂದ. ಮನೆಯ ಅಜ್ಜಿಗೆ ಗೊತ್ತಿರುವ ಕಥೆಯನ್ನು ಕೇಳುವವರಿಲ್ಲವಾದರೆ ಅದು ಬಾಗಿಲ ಬಳಿಯ ಜೋಡುಗಳಂತೆ, ಯಾರದೆಂದು ತಿಳಿಯದೆ ಉಳಿದುಬಿಡುತ್ತದೆ.