ಹೊರೆ ಮೊದಲು, ಚೀಲ ಆಮೇಲೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ಚಿಕ್ಕದು. ಮೂರು ನಾಲ್ಕು ದಿನಗಳ ಚಾರಣಕ್ಕೆ ಹೊರಟವರು ಬೆನ್ನಿಗೆ ಎಂಥ ಚೀಲ ಹಾಕಿಕೊಳ್ಳಬೇಕು ಎಂಬುದು. ಶಿಕ್ಷಣ ಸಂಘದ ವೇದಿಕೆಯಲ್ಲಿ ಈ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಎನ್.ಸಿ.ಸಿ., ಎನ್.ಎಸ್.ಎಸ್., ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳಿಗೆ ನಮ್ಮ ಮಕ್ಕಳ ಹೆಸರು ಬಂದಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಖರ್ಚಿನದು. ಸಾವಿರಾರು ರೂಪಾಯಿಯ ಬ್ಯಾಗು ಬೇಕಂತೆ ಎಂದು ಕೇಳಿಯೇ ಹಿಂದೆ ಸರಿಯುವವರಿದ್ದಾರೆ. ಕೈಗೆ ಸಿಕ್ಕಿದ ಚೀಲ ಹೊತ್ತು ಹೋಗಿ, ಎರಡನೆಯ ದಿನವೇ ಭುಜ ಹಿಡಿದುಕೊಂಡು ಕೂರುವವರೂ ಇದ್ದಾರೆ. ಈ ಎರಡೂ ಆಗಬಾರದು. ಶಿಬಿರದಲ್ಲಿ ಕಲಿಯುವ ಧೈರ್ಯ, ಶಿಸ್ತು, ಬೇರೆ ಊರಿನ ಮಕ್ಕಳ ಗೆಳೆತನ ಇವು ತರಗತಿಯಲ್ಲಿ ಸಿಗುವಂಥವಲ್ಲ. ಒಂದು ಚೀಲದ ಕಾರಣಕ್ಕೆ ಅವನ್ನು ಕಳೆದುಕೊಳ್ಳುವುದು ಸರಿಯಲ್ಲ.

ನಾನು ಹೇಳಬೇಕೆಂದಿರುವುದು ಒಂದೇ ಮಾತು: ಚೀಲವನ್ನು ಎಲ್ಲಕ್ಕಿಂತ ಕೊನೆಗೆ ಆರಿಸಿ. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುವುಮುರುವು. ಮೊದಲು ಅಂಗಡಿಗೆ ಹೋಗಿ ದೊಡ್ಡ ಬ್ಯಾಗು ತರುತ್ತೇವೆ. ಜಾಗ ಖಾಲಿ ಉಳಿಯಿತಲ್ಲ ಎಂದು ಅದರೊಳಗೆ ಸಾಮಾನು ತುಂಬುತ್ತೇವೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆ ಇದಕ್ಕೇ ಹೇಳಿದಂತಿದೆ. ಮೊದಲು ಸಾಮಾನನ್ನು ಚಾಪೆಯ ಮೇಲೆ ಹರಡಿ. ಬೇಡದ್ದನ್ನು ಬದಿಗಿಡಿ. ಉಳಿದದ್ದನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಎಷ್ಟು ತೂಕ, ಎಷ್ಟು ಗಾತ್ರ ಎಂದು ತಿಳಿದ ಮೇಲೆ ಚೀಲದ ಮಾತು.

ಎಷ್ಟು ಹೊರಬಹುದು? 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಶಾಲಾ ಬ್ಯಾಗಿನ ತೂಕಕ್ಕೆ ಮಿತಿ ಹಾಕಿತು. ಒಂಬತ್ತು ಮತ್ತು ಹತ್ತನೆಯ ತರಗತಿಯವರಿಗೆ ಅದು 4ರಿಂದ 5 ಕಿಲೋ. 2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯ ಪ್ರಕಾರ ಬ್ಯಾಗಿನ ತೂಕ ಮಗುವಿನ ದೇಹತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದು. ಚಾರಣದಲ್ಲಿ ಸ್ವಲ್ಪ ಹೆಚ್ಚು ಹೊರುವುದು ಅನಿವಾರ್ಯ. ಆರೋಗ್ಯವಂತರಿಗೆ ದೇಹತೂಕದ ಐದನೆಯ ಒಂದು ಭಾಗ ಎಂಬುದು ಚಾರಣಿಗರು ಇಟ್ಟುಕೊಂಡಿರುವ ಲೆಕ್ಕ. 50 ಕಿಲೋ ತೂಗುವ ಕಾಲೇಜು ವಿದ್ಯಾರ್ಥಿಗೆ ಇದು 10 ಕಿಲೋ. ಇನ್ನೂ ಬೆಳೆಯುವ ವಯಸ್ಸಿನ ಮಕ್ಕಳಿಗೆ ಅದಕ್ಕಿಂತ ಕಡಿಮೆಯೇ ಇರಲಿ.

ಈ 10 ಕಿಲೋವನ್ನು ಹಂಚಿ ನೋಡೋಣ. ಮೂರು ದಿನಕ್ಕೆ ಬೇಕಾದ ಒಣ ಆಹಾರ, ದಿನಕ್ಕೆ 600 ಗ್ರಾಮಿನಂತೆ, 1.8 ಕಿಲೋ. ಹೊದಿಕೆ ಅಥವಾ ಸ್ಲೀಪಿಂಗ್ ಬ್ಯಾಗು 1 ಕಿಲೋ. ಟೆಂಟಿನಲ್ಲಿ ನಿಮ್ಮ ಪಾಲು 1 ಕಿಲೋ. ಬಟ್ಟೆ, ಮಳೆಯಂಗಿ ಸೇರಿ ಒಂದೂವರೆ ಕಿಲೋ. ಟಾರ್ಚು, ಔಷಧಿ, ತಟ್ಟೆ ಲೋಟ ಅರ್ಧ ಕಿಲೋ. ನೀರು 3 ಲೀಟರ್, ಎಂದರೆ 3 ಕಿಲೋ. ಒಟ್ಟು 8.8 ಕಿಲೋ ಆಯಿತು. ಚೀಲಕ್ಕೆ ಉಳಿದದ್ದು 1.2 ಕಿಲೋ ಮಾತ್ರ. ದಪ್ಪ ಬಟ್ಟೆ, ಹತ್ತಾರು ಜಿಪ್ಪು, ಕಬ್ಬಿಣದ ಬಕಲುಗಳಿರುವ ಹಳೆಯ ಮಾದರಿಯ ಚೀಲ ಖಾಲಿಯಿದ್ದಾಗಲೇ ಎರಡೂವರೆ ಕಿಲೋ ತೂಗುತ್ತದೆ. ಒಂದು ತುತ್ತು ಅನ್ನವನ್ನೂ ಹಾಕದೆ ನಮ್ಮ ಪಾಲಿನ ಕಾಲು ಭಾಗ ಮುಗಿದಂತೆ. ಹಗುರ ಚೀಲ ಬೇಕೆನ್ನುವುದು ಈ ಕಾರಣಕ್ಕೆ, ಷೋಕಿಗಲ್ಲ.

ಹಾಗೆಂದು ಎಲ್ಲಕ್ಕಿಂತ ಹಗುರವಾದದ್ದನ್ನೇ ಕೊಂಡರೆ ಸಾಕೇ? ಇಲ್ಲಿ ನಮ್ಮ ಸೀಮೆಯವರು ವಿಶೇಷವಾಗಿ ಯೋಚಿಸಬೇಕು. ಅತಿ ಹಗುರ ಚೀಲಗಳಲ್ಲಿ ಬೆನ್ನಿಗೆ ಚೌಕಟ್ಟು ಇರುವುದಿಲ್ಲ. ಒಟ್ಟು ಹೊರೆ 8–9 ಕಿಲೋ ಇರುವವರೆಗೆ ಅವು ಹಿತ. ಅದು ದಾಟಿದರೆ ಚೀಲ ಜೋತುಬಿದ್ದು ಭಾರವೆಲ್ಲ ಭುಜಕ್ಕೆ ಬರುತ್ತದೆ. ದಾರಿಯುದ್ದಕ್ಕೂ ತೊರೆ ಹರಿಯುವ ಕಡೆ ನಡೆಯುವವರು ಒಂದೂವರೆ ಲೀಟರ್ ನೀರು ಹೊತ್ತರೆ ಸಾಕು, ಅವರಿಗೆ ಇಂಥ ಚೀಲ ಒಪ್ಪುತ್ತದೆ. ನಮ್ಮದು ಬಯಲುಸೀಮೆ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಕಾದ ಮೇಲೆ. ಹೊಸದುರ್ಗದ ಕಡೆಯ ಗಾಳಿಯಂತ್ರಗಳ ಗುಡ್ಡದಲ್ಲಾಗಲಿ, ದುರ್ಗದ ಬಂಡೆಗಳ ನಡುವೆಯಾಗಲಿ ಬೇಸಿಗೆಯಲ್ಲಿ ಹಳ್ಳದ ನೀರನ್ನು ನಂಬಿ ನಡೆಯುವಂತಿಲ್ಲ. ಇಲ್ಲಿ ದಿನಕ್ಕೆ ಮೂರು ನಾಲ್ಕು ಲೀಟರ್ ಹೊರಲೇಬೇಕು. ಆದ್ದರಿಂದ ಒಣ ಸೀಮೆಯಲ್ಲಿ ನಡೆಯುವವರಿಗೆ ಬೆನ್ನಿಗೆ ತೆಳುವಾದ ಚೌಕಟ್ಟು, ಸೊಂಟಕ್ಕೆ ಗಟ್ಟಿಯಾದ ಪಟ್ಟಿ ಇರುವ, 1ರಿಂದ ಒಂದೂವರೆ ಕಿಲೋ ತೂಕದ ಚೀಲವೇ ಉತ್ತಮ. ತೂಕ ಇಳಿಸಬೇಕೆಂದು ನೀರನ್ನು ಮಾತ್ರ ಕಡಿಮೆ ಮಾಡಬೇಡಿ.

ಸೊಂಟದ ಪಟ್ಟಿಯ ಮಾತು ಬಂತು. ಶಾಲೆಯ ಬ್ಯಾಗಿಗೂ ಚಾರಣದ ಚೀಲಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಶಾಲೆಯ ಬ್ಯಾಗು ಭುಜಕ್ಕೆ ನೇತುಬೀಳುತ್ತದೆ. ಚಾರಣದ ಚೀಲ ಸೊಂಟದ ಎಲುಬಿನ ಮೇಲೆ ಕೂರುತ್ತದೆ. ಪಟ್ಟಿ ಸರಿಯಾಗಿ ಬಿಗಿದರೆ ಭಾರದ ಹೆಚ್ಚಿನ ಪಾಲು ಸೊಂಟದ ಮೂಲಕ ಕಾಲಿಗೆ ಇಳಿಯುತ್ತದೆ, ಭುಜದ ಪಟ್ಟಿಗಳು ಚೀಲ ಹಿಂದಕ್ಕೆ ವಾಲದಂತೆ ಹಿಡಿದಿದ್ದರೆ ಸಾಕು. ಇದಕ್ಕಾಗಿ ಚೀಲವನ್ನು ನಿಮ್ಮ ಎತ್ತರ ನೋಡಿ ಕೊಳ್ಳಬೇಡಿ, ಬೆನ್ನಿನ ಉದ್ದ ನೋಡಿ ಕೊಳ್ಳಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ ಸೊಂಟದ ಎಲುಬಿನ ಮೇಲಂಚಿನ ಮಟ್ಟದವರೆಗೆ ಟೇಪಿನಿಂದ ಅಳೆಯಿರಿ. ಒಂದೇ ಎತ್ತರದ ಇಬ್ಬರಲ್ಲಿಯೂ ಈ ಅಳತೆ ಬೇರೆ ಬೇರೆ ಇರುತ್ತದೆ. ಅಣ್ಣನಿಗೆ ಹೊಂದಿದ ಚೀಲ ತಂಗಿಗೆ ಹೊಂದಬೇಕೆಂದಿಲ್ಲ. ಹೆಣ್ಣುಮಕ್ಕಳು ಉದ್ದ ಕುರ್ತಾದ ಮೇಲೆಯೇ ಸೊಂಟದ ಪಟ್ಟಿ ಬಿಗಿದು ನೋಡಬೇಕು. ದುಪಟ್ಟಾದ ಅಂಚು ಭುಜದ ಪಟ್ಟಿಯಡಿ ಸಿಕ್ಕಿಕೊಂಡರೆ ತಲೆ ತಿರುಗಿಸಲು ಕಷ್ಟ, ಅದನ್ನು ಮೊದಲೇ ಒಳಗೆ ಸೇರಿಸಿ ಪಿನ್ ಹಾಕಿಕೊಳ್ಳಿ.

ಗಾತ್ರ ಲೀಟರಿನಲ್ಲಿ ಬರೆದಿರುತ್ತದೆ. ಮೂರು ದಿನಕ್ಕೆ 40ರಿಂದ 50 ಲೀಟರ್ ಸಾಕು. ಬಟ್ಟೆಯ ಮೇಲೆ 210 ಡಿ, 420 ಡಿ ಎಂದಿರುವುದು ಡೆನಿಯರ್ ಲೆಕ್ಕ: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಸಂಖ್ಯೆ ಹೆಚ್ಚಿದಂತೆ ನೂಲು ದಪ್ಪ, ಚೀಲ ಭಾರ. ನಮ್ಮ ಕಲ್ಲುಬಂಡೆ, ಜಾಲಿಮುಳ್ಳಿನ ನಡುವೆ ತೀರಾ ತೆಳು ಬಟ್ಟೆ ಬಾಳುವುದಿಲ್ಲ, ತಳವಾದರೂ ದಪ್ಪವಿರಲಿ. ಭುಜದ ಪಟ್ಟಿ ಸೇರುವ ಕಡೆ ಹೊಲಿಗೆಯನ್ನು ಎಳೆದು ನೋಡಿ. ಮಳೆಗೆ ದುಬಾರಿ ಹೊದಿಕೆ ಬೇಕಿಲ್ಲ, ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಬಟ್ಟೆ ತುಂಬಿದರೆ ಆಯಿತು.

ಬೆಲೆಯ ವಿಷಯದಲ್ಲಿ ಧೈರ್ಯ ತರುವ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಅಪಲೇಚಿಯನ್ ಟ್ರೇಲ್ ಎಂಬ ಸುಮಾರು 3,300 ಕಿಲೋಮೀಟರಿನ ಬೆಟ್ಟದ ದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಅವರ ಹೆಗಲಲ್ಲಿ ಇದ್ದದ್ದು ಮನೆಯಲ್ಲೇ ಹೊಲಿದುಕೊಂಡ ಬಟ್ಟೆಯ ಚೀಲ. ಟೆಂಟೂ ಇರಲಿಲ್ಲ. ಒಂದು ಕಂಬಳಿ, ಮಳೆಗೆ ಹೊದೆಯಲು ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಎಲ್ಲರೂ ಹಾಗೆಯೇ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಏನು ಬೇಡ ಎಂಬುದು ಅವರಿಗೆ ತಿಳಿದಿತ್ತು, ಆದ್ದರಿಂದ ಸಾಧಾರಣ ಚೀಲವೇ ಅವರಿಗೆ ಸಾಕಾಯಿತು.

ನಾವೂ ಬಿಟ್ಟು ಹೋಗಬಹುದಾದದ್ದು ಬಹಳವಿದೆ. ಮೂರು ದಿನಕ್ಕೆ ಮೂರು ಪ್ಯಾಂಟು ಬೇಡ. ದೊಡ್ಡ ಸೋಪು, ಪೂರ್ತಿ ಪೇಸ್ಟಿನ ಟ್ಯೂಬು ಬೇಡ. ಜೀನ್ಸ್ ಭಾರ, ನೆನೆದರೆ ಒಣಗುವುದೂ ಇಲ್ಲ. ನಮಾಜಿಗೆ ದಪ್ಪ ಜಾನಮಾಜಿನ ಬದಲು ಒಂದು ತೆಳುವಾದ ಶುದ್ಧ ಬಟ್ಟೆ ಮಡಿಸಿಟ್ಟುಕೊಳ್ಳಿ, ಅದು ಹಾಸಲೂ ಹೊದೆಯಲೂ ಆಗುತ್ತದೆ. ಕುಡಿಯಲಷ್ಟೇ ನೀರಿರುವ ಕಡೆ ತಯಮ್ಮುಮ್‌ಗೆ ಅವಕಾಶವಿದೆ ಎಂಬುದು ನಿಮಗೆ ಗೊತ್ತೇ ಇದೆ.

ತುಂಬುವ ಕ್ರಮವೂ ಮುಖ್ಯ. ಹೊದಿಕೆ ತಳದಲ್ಲಿ, ನೀರು ಮತ್ತು ಆಹಾರದಂಥ ಭಾರದ ವಸ್ತು ನಡುವೆ ಬೆನ್ನಿಗೆ ಅಂಟಿಕೊಂಡಂತೆ, ಮಳೆಯಂಗಿ ಮೇಲೆ. ಭಾರ ಬೆನ್ನಿನಿಂದ ದೂರವಾದಷ್ಟೂ ಹಿಂದಕ್ಕೆ ಎಳೆಯುತ್ತದೆ. ಅಂಗಡಿಯಲ್ಲಿ ಖಾಲಿ ಚೀಲ ಹಾಕಿಕೊಂಡು ಕನ್ನಡಿ ನೋಡಿದರೆ ಏನೂ ತಿಳಿಯದು. ನೀರಿನ ಬಾಟಲಿ, ಅಕ್ಕಿಯ ಪೊಟ್ಟಣ ತುಂಬಿ ಹತ್ತು ನಿಮಿಷ ಓಡಾಡಿ. ಹೊರಡುವ ಹದಿನೈದು ದಿನ ಮೊದಲು ಪೂರ್ತಿ ಹೊರೆಯೊಂದಿಗೆ ದುರ್ಗದ ಕೋಟೆಯ ಮೆಟ್ಟಿಲು ಹತ್ತಿ ಇಳಿಯಿರಿ. ಎಲ್ಲಿ ಒತ್ತುತ್ತದೆ, ಎಲ್ಲಿ ಉಜ್ಜುತ್ತದೆ ಎಂದು ಅಲ್ಲೇ ಗೊತ್ತಾಗುತ್ತದೆ. ಜೋಗಿಮಟ್ಟಿ ವನ್ಯಜೀವಿ ಧಾಮವಾದ್ದರಿಂದ ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ಹಿರಿಯರ ಜೊತೆಯಿಲ್ಲದೆ ಹೋಗಬೇಡಿ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ವಿನಂತಿ. ಬಡ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಎರವಲು ಕೊಡುವ ಪುಸ್ತಕ ಬ್ಯಾಂಕ್ ಎಲ್ಲರಿಗೂ ಗೊತ್ತು. ಹಾಗೆಯೇ ಬೆನ್ನಿನ ಅಳತೆ ಹೊಂದಿಸಿಕೊಳ್ಳಬಹುದಾದ ಐದಾರು ಒಳ್ಳೆಯ ಚೀಲಗಳನ್ನು ಸಂಘವೇ ಕೊಂಡು ಇಟ್ಟರೆ, ಶಿಬಿರಕ್ಕೆ ಹೋಗುವವರು ಒಯ್ದು, ತೊಳೆದು, ಒಣಗಿಸಿ ಹಿಂದಿರುಗಿಸಬಹುದು. ವರ್ಷದಲ್ಲಿ ನಾಲ್ಕು ದಿನ ಬಳಸುವ ವಸ್ತುವನ್ನು ಪ್ರತಿ ಮನೆಯವರೂ ಕೊಳ್ಳಬೇಕಾಗಿಲ್ಲ. ನಾಲ್ಕು ತಾಲ್ಲೂಕಿನ ಯಾವ ಮಗುವೂ, ಅದರಲ್ಲೂ ಹೆಣ್ಣುಮಗು, ಬ್ಯಾಗಿಲ್ಲ ಎಂಬ ಕಾರಣಕ್ಕೆ ಶಿಬಿರದ ಪಟ್ಟಿಯಿಂದ ಹೆಸರು ತೆಗೆಸುವಂತಾಗಬಾರದು. ಶಿಬಿರಕ್ಕೆ ಹೆಸರು ಕೊಟ್ಟಿರುವ ವಿದ್ಯಾರ್ಥಿಗಳು ಈ ವಾರವೇ ಸಾಮಾನು ಹರಡಿ, ತೂಗಿ, ಪಟ್ಟಿ ಬರೆದಿಡಿ. ಚೀಲದ ಯೋಚನೆಯನ್ನು ನಾವು ಹಿರಿಯರು ಮಾಡುತ್ತೇವೆ.