ಯಾರನ್ನು ನೋಡಿ ನಗುತ್ತೇವೆ?
(ಅರ್ಗಾದಲ್ಲಿ ಮಾಡಿದ ಭಾಷಣ)



ಸಿನೇಮಾದ ವಿಷಯ ಮಾತಾಡಲು ಸಭೆ ಬೇಕೇ ಎಂದು ಕೆಲವರು ಕೇಳಿದ್ದಾರೆ. ಪಡಿತರ, ಪರಿಹಾರ, ಕೂಲಿ ಇಷ್ಟೆಲ್ಲ ತಾಪತ್ರಯದ ನಡುವೆ ಸಿನೇಮಾದ ಗೊಡವೆ ಯಾಕೆ ಎಂಬುದು ಅವರ ಪ್ರಶ್ನೆ. ಕೇಳತಕ್ಕ ಪ್ರಶ್ನೆಯೇ. ಆದರೆ ದುಡಿದು ಬಂದ ಮನುಷ್ಯ ರಾತ್ರಿ ಎರಡು ತಾಸು ಯಾವುದರ ಮುಂದೆ ಕೂರುತ್ತಾನೆ, ಯಾವುದಕ್ಕೆ ನಗುತ್ತಾನೆ ಎಂಬುದೂ ಅವನ ಬದುಕಿಗೆ ಸೇರಿದ್ದೇ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ 61 ದಿನ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಟೀವಿಯೇ ನೆಂಟ. ಈ ಮಳೆಗಾಲದಲ್ಲಿ ನಾವೂ ಕೆಲವು ಚಿತ್ರಗಳನ್ನೂ ಟೀವಿಯ ಹಾಸ್ಯಗಳನ್ನೂ ನೋಡಿದೆವು. ಅನಿಸಿದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಹಾಸ್ಯದ ಮಾತು. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳ ಹಳೆಯ ಕಂತುಗಳನ್ನು ನೋಡಿ ಹೊಟ್ಟೆ ತುಂಬ ನಕ್ಕೆವು. ದಣಿದವನಿಗೆ ನಗು ಬೇಕು. ಅದನ್ನು ಕೀಳೆಂದು ಕಾಣುವ ಪಂಡಿತರ ಮಾತು ನಮಗೆ ಬೇಡ. 2016ರಲ್ಲಿ ಶುರುವಾದ ‘ಕಾಮಿಡಿ ಕಿಲಾಡಿಗಳು’ ಹಳ್ಳಿಗಾಡಿನ, ಹವ್ಯಾಸಿ ರಂಗದ ಹುಡುಗ ಹುಡುಗಿಯರಿಗೆ ವೇದಿಕೆ ಕೊಟ್ಟಿತು. ಅದೂ ಒಳ್ಳೆಯದೇ. ಆದರೆ ಟೀವಿಯ ಪ್ರಹಸನಗಳನ್ನು ಒಂದರ ಹಿಂದೊಂದು ನೋಡುತ್ತ ಹೋದಂತೆ ಒಂದು ಲೆಕ್ಕ ತಾನಾಗಿ ಕಣ್ಣಿಗೆ ಬೀಳುತ್ತದೆ. ಕಪ್ಪು ಬಣ್ಣ, ದಪ್ಪ ಮೈ, ಸೀರೆ ಉಟ್ಟ ಗಂಡಸು, ಮನೆಯ ಆಳು, ಹಳ್ಳಿಯವನ ಉಚ್ಚಾರ – ಮತ್ತೆ ಮತ್ತೆ ಇವೇ ನಗೆಯ ಸರಕು. ಪೆಟ್ಟು ತಿನ್ನುವವನು ಯಾವಾಗಲೂ ಕೆಳಗಿನವನು. ಮನೆಯಲ್ಲಿ ಕೊಂಕಣಿ ಆಡಿ, ಶಾಲೆಯಲ್ಲಿ ಕನ್ನಡ ಕಲಿಯುವ ನಮ್ಮ ಮಗು ಇದನ್ನು ನೋಡಿ ಏನು ಕಲಿಯುತ್ತದೆ? ತನ್ನ ನಾಲಗೆಯೇ ನಗೆಪಾಟಲು ಎಂಬುದನ್ನು.

ನಮ್ಮ ಜಿಲ್ಲೆಗೆ ಹಾಸ್ಯ ಹೊಸದಲ್ಲ. ಹೊನ್ನಾವರ ತಾಲೂಕಿನ ಕರ್ಕಿಯಲ್ಲಿ ಹಾಸ್ಯಗಾರ ಎಂಬುದೇ ಒಂದು ಮನೆತನದ ಹೆಸರು. ಯಕ್ಷಗಾನದ ಹಾಸ್ಯಗಾರ ದ್ವಾರಪಾಲಕನಾಗಿ, ಸಾರಥಿಯಾಗಿ, ದೂತನಾಗಿ ಬರುತ್ತಾನೆ, ವೇಷದಲ್ಲಿ ಆಳು. ಆದರೆ ಊರವರು ಹಿಂದಿನಿಂದ ಗೊಣಗುವ ಮಾತನ್ನು ಕಿರೀಟ ತೊಟ್ಟವನ ಮುಖಕ್ಕೇ ಹೇಳಿಬಿಡುವ ಹಕ್ಕು ಅವನಿಗುಂಟು. ಅಲ್ಲಿ ನಗು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಟೀವಿಯಲ್ಲಿ ಬಹುಮಟ್ಟಿಗೆ ಮೇಲಿನಿಂದ ಕೆಳಕ್ಕೆ ಬೀಳುತ್ತದೆ.

ಹಾಗಾದರೆ ಇಂದಿನವರಿಗೆ ಆ ನಗು ಸಾಧ್ಯವಿಲ್ಲವೇ? ಸಾಧ್ಯವಿದೆ. ರಾಮ್ ರೆಡ್ಡಿಯವರ ‘ತಿಥಿ’ಯನ್ನು ನೋಡಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಚಿತ್ರ. ನಟಿಸಿದವರು ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ. ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಅವನ ಮಗ ಗಡ್ಡಪ್ಪನಿಗೆ ಆಸ್ತಿಯ ಹಂಗಿಲ್ಲ, ತಿರುಗಾಡಿಕೊಂಡಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಅದಕ್ಕಾಗಿ ಬದುಕಿರುವ ತಂದೆಯನ್ನೇ ಕಾಗದದಲ್ಲಿ ಸತ್ತವನನ್ನಾಗಿ ಮಾಡಲು ಹೊರಡುತ್ತಾನೆ! ಬಿದ್ದು ಬಿದ್ದು ನಕ್ಕೆವು. ಕಚೇರಿಯ ಕಟ್ಟೆಯ ಮೇಲೆ ಕಾಗದ ಹಿಡಿದು ಕಾದವರಿಗೆ ಈ ನಗು ಯಾರೂ ಬಿಡಿಸಿ ಹೇಳದೆ ಅರ್ಥವಾಗುತ್ತದೆ. ಮನುಷ್ಯನಿಗಿಂತ ಕಾಗದ ದೊಡ್ಡದಾದ ವ್ಯವಸ್ಥೆಯೇ ಅಲ್ಲಿ ನಗೆಪಾಟಲು.

ಇನ್ನು ಅರ್ಗಾದವರು ನೋಡಲೇಬೇಕಾದದ್ದು ಗಿರೀಶ ಕಾಸರವಳ್ಳಿಯವರ ‘ದ್ವೀಪ’. ನಾ. ಡಿಸೋಜರ ಕಾದಂಬರಿ ಆಧರಿಸಿ 2002ರಲ್ಲಿ ತೆರೆಗೆ ಬಂದದ್ದು. ಅಣೆಕಟ್ಟಿನ ನೀರು ಏರುತ್ತದೆ; ಊರೆಲ್ಲ ಪರಿಹಾರ ಪಡೆದು ಗುಡ್ಡ ಇಳಿಯುತ್ತದೆ; ಒಂದು ಮನೆ ಮಾತ್ರ ಉಳಿಯುತ್ತದೆ. ಆ ಮನೆಯನ್ನು ಕಾಯುವವಳು ನಾಗಿ – ಸೌಂದರ್ಯ ಅವರ ಪಾತ್ರ. ಮಳೆ ನಿಂತಾಗ ಗಂಡ ದೇವರಿಗೆ ಕೈ ಮುಗಿಯುತ್ತಾನೆ. ಹೆಂಡತಿಯ ದುಡಿಮೆ ಅವನ ಕಣ್ಣಿಗೆ ಬೀಳುವುದಿಲ್ಲ.

ಅಲ್ಲಿ ನೀರು ಏರಿತು. ಇಲ್ಲಿ ಬೇಲಿ ಎದ್ದಿತು. 1986ರ ಅಕ್ಟೋಬರದಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿದ್ದಿತು. 2005ರ ಮೇ 31ರಂದು ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ನಡುವೆ ಕಾರವಾರ, ಅಂಕೋಲಾ ತಾಲೂಕುಗಳಲ್ಲಿ 11,000 ಎಕರೆಗೂ ಮಿಕ್ಕಿ ನೆಲ ಹೋಯಿತು, 4,000ಕ್ಕೂ ಮಿಕ್ಕಿ ಕುಟುಂಬಗಳು ಎದ್ದವು. ದೇಶಕ್ಕೆ ರಕ್ಷಣೆ ಬೇಕು, ಯಾರೂ ಬೇಡವೆನ್ನಲಿಲ್ಲ. ಆದರೆ ಹೆಚ್ಚಿನ ಪರಿಹಾರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರು ದಶಕಗಳ ಕಾಲ ಕಾದರು. ಆ ವರ್ಷಗಳಲ್ಲಿ ಮನೆ ತೂಗಿಸಿದ ನಾಗಿಯರು ಇಲ್ಲಿಯೂ ಕೂತಿದ್ದಾರೆ. ಅವರ ದುಡಿಮೆ ಯಾವ ತೀರ್ಪಿನಲ್ಲಿ ಬರೆದಿದೆ?

ಕೊನೆಯದು ‘ಗುಲಾಬಿ ಟಾಕೀಸ್’, 2008ರದು. ವೈದೇಹಿಯವರ ಕಥೆ, ಕಾಸರವಳ್ಳಿಯವರದೇ ನಿರ್ದೇಶನ. ಕುಂದಾಪುರ ಕಡೆಯ ಮೀನುಗಾರರ ಕೇರಿ. ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಟೀವಿ ಬರುತ್ತದೆ, ಕೇರಿಯ ಹೆಂಗಸರು ನೋಡಲು ಸೇರುತ್ತಾರೆ. ಅದೇ ಹೊತ್ತಿಗೆ ಹೊರಗೆ ಟ್ರಾಲರಿನ ಪೈಪೋಟಿ ಕೋಮಿನ ಜಗಳವಾಗಿ ತಿರುಗುತ್ತದೆ. ಕೊನೆಗೆ ಎಲ್ಲರ ಹೆರಿಗೆ ಮಾಡಿಸಿದ ಗುಲಾಬಿಯೇ ಊರು ಬಿಡಬೇಕಾಗುತ್ತದೆ. ಉಮಾಶ್ರೀ ಅವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು. ರಂಪಣಿ ಬಲೆಯನ್ನು ಊರೆಲ್ಲ ಸೇರಿ ಎಳೆದು ಪಾಲು ಹಂಚಿಕೊಂಡ ಕಾಲವನ್ನು ಕಂಡ ಹಿರಿಯರಿಗೆ ಈ ಚಿತ್ರದ ನೋವು ಗೊತ್ತು. ಒಟ್ಟಿಗೆ ಕೂತು ನೋಡುವುದು ಕೂಡ ಒಂದು ಕೂಡುಬಾಳು. ಈಗ ಮನೆಯೊಳಗೆ ನಾಲ್ಕು ಜನ ನಾಲ್ಕು ಫೋನು ಹಿಡಿದು ನಾಲ್ಕು ಮೂಲೆಯಲ್ಲಿ ನಗುತ್ತಾರೆ.

ಆದ್ದರಿಂದ ನಮ್ಮ ಸೂಚನೆ ಸಣ್ಣದು. ತಿಂಗಳಿಗೊಂದು ಚಿತ್ರವನ್ನು ಕೇರಿಯವರೆಲ್ಲ ಕೂಡಿ ನೋಡೋಣ. ಮುಗಿದ ಮೇಲೆ ಅರ್ಧ ತಾಸು ಮಾತಾಡೋಣ. ಮೊದಲ ಮಾತು ಹೆಂಗಸರದಾಗಲಿ. ಯಾರನ್ನು ನೋಡಿ ನಕ್ಕೆವು, ಯಾರು ನಮ್ಮನ್ನು ನೋಡಿ ನಕ್ಕರು ಎಂದು ಕೇಳಿಕೊಳ್ಳೋಣ. ಇನ್ನೊಂದು ಕೆಲಸ ಹುಡುಗರದು. ನಿಮ್ಮ ಕೈಯ ಫೋನಿನಲ್ಲಿ ಕ್ಯಾಮೆರಾ ಇದೆ. ಅರ್ಗಾದ ಕಡಲತೀರದಲ್ಲಿ ಬಲೆ ಎಳೆದ ಅಜ್ಜಂದಿರು, ಮೀನು ಬುಟ್ಟಿ ಹೊತ್ತ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು, ಅವರ ತಮಾಷೆಯನ್ನು ಅವರದೇ ಉಚ್ಚಾರದಲ್ಲಿ ಹಿಡಿದಿಡಿ. ಮುಂದಿನ ಮಳೆಗಾಲದವರೆಗೆ ತಡಮಾಡಬೇಡಿ.