ತಪ್ಪಿನ ಪಟ್ಟಿ ಸಾಕು, ಶಕ್ತಿಯ ಪಟ್ಟಿ ಮಾಡೋಣ

ಮನೆಯ ಹುಡುಗ ಕುಡಿಯುತ್ತಾನೆ, ಏನೋ ಸೇದುತ್ತಾನೆ ಎಂದು ಗೊತ್ತಾದ ದಿನ ನಾವು ಮೊದಲು ಬಾಗಿಲು ಹಾಕಿಕೊಳ್ಳುತ್ತೇವೆ. ಊರಿಗೆ ಸುದ್ದಿ ಹೋಗಬಾರದು, ಸಂಘದಲ್ಲಿ ಯಾರೂ ಕೇಳಬಾರದು. ಆದರೆ ಇದು ಒಂದು ಮನೆಯ ಕಥೆಯಲ್ಲ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅಂಟು, ವೈಟ್ನರ್‌ನಂಥವನ್ನು ಮೂಸುವ ಚಟವಂತೂ ದೊಡ್ಡವರಿಗಿಂತ 10ರಿಂದ 17 ವರ್ಷದ ಮಕ್ಕಳಲ್ಲೇ ಹೆಚ್ಚು.

ಆಪ್ತಸಮಾಲೋಚಕಿಯಾದ ನನ್ನ ಮುಂದೆ ಕೂರುವ ತಾಯಂದಿರು ಮಗನ ತಪ್ಪುಗಳನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಹುಡುಗ ತಲೆ ತಗ್ಗಿಸಿರುತ್ತಾನೆ. "ಇವನು ಚೆನ್ನಾಗಿ ಮಾಡುವುದು ಏನಮ್ಮಾ?" ಎಂದು ಕೇಳಿದರೆ ತಾಯಿ ಸುಮ್ಮನಾಗುತ್ತಾರೆ, ಹುಡುಗ ತಲೆ ಎತ್ತುತ್ತಾನೆ. ನಮ್ಮ ಕೆಲಸ ಶುರುವಾಗುವುದು ಅಲ್ಲಿಂದ.

ಅಮೆರಿಕದ ಡೆನ್ನಿಸ್ ಸಲೀಬಿ 1992ರಲ್ಲಿ ಸಂಪಾದಿಸಿದ ಪುಸ್ತಕದ ಮೂಲಕ ಸಮಾಜಕಾರ್ಯದಲ್ಲಿ ಈ ದಾರಿ ಹೆಸರಾಯಿತು. ಕೇಳುವ ಪ್ರಶ್ನೆಗಳು ಸರಳ: ಯಾವ ದಿನ ಮುಟ್ಟದೆ ಇದ್ದೆ? ಅಂದು ಏನು ಬೇರೆ ಇತ್ತು? ಯಾರ ಹತ್ತಿರ ನಿಜ ಹೇಳುತ್ತೀಯ? ಬರುವ ವರ್ಷ ಎಲ್ಲಿರಬೇಕು?

"ಮ್ಯಾಚ್ ಇರುವ ಹಿಂದಿನ ರಾತ್ರಿ ಕುಡಿಯೋದಿಲ್ಲ" ಎಂದರೆ, ತಡೆದುಕೊಳ್ಳುವ ಶಕ್ತಿ ಅವನಲ್ಲಿದೆ, ಅದಕ್ಕೊಂದು ಕಾರಣ ಬೇಕು ಎಂದರ್ಥ. ವಾರದಲ್ಲಿ ಇನ್ನೆರಡು ಬೆಳಿಗ್ಗೆ ಅಭ್ಯಾಸವಿಟ್ಟರೆ ಅದೇ ಚಿಕಿತ್ಸೆಯ ಭಾಗ. "ಧಾರವಾಡದ ಅಜ್ಜಿಗೆ ಸುಳ್ಳು ಹೇಳೋಲ್ಲ" ಎಂದರೆ, ಆಸೆ ಹತ್ತಿದ ಹೊತ್ತಿಗೆ ಫೋನ್ ಮಾಡಲು ಒಂದು ನಂಬರ್ ಸಿಕ್ಕಂತೆ.

ಇದು ತಪ್ಪನ್ನು ಮುಚ್ಚಿಡುವ ಉಪಾಯವಲ್ಲ. ಎಷ್ಟು, ಯಾವಾಗಿನಿಂದ, ಜೀವ ಬೇಡ ಎನ್ನಿಸಿದೆಯೇ ಎಂಬುದನ್ನೂ ಕೇಳಲೇಬೇಕು. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ. ನಮ್ಮ ಪಕ್ಕದ ಗಾಜಿಯಾಬಾದ್‌ನಲ್ಲೇ ಏಮ್ಸ್‌ನ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಸರ್ಕಾರದ ಉಚಿತ ಸಹಾಯವಾಣಿ 14446.

ಕೊನೆಯದಾಗಿ ಒಂದು ಕೋರಿಕೆ. ಚಿಕಿತ್ಸೆ ಪಡೆದು ಬಂದ ಹುಡುಗ ರಾಜ್ಯೋತ್ಸವಕ್ಕೆ ಬಂದರೆ ಪಿಸುಗುಟ್ಟಬೇಡಿ. ಮೈಕ್ ಜೋಡಿಸಲೋ ಊಟ ಬಡಿಸಲೋ ಒಂದು ಕೆಲಸ ಕೊಡಿ. ನನ್ನನ್ನು ನಂಬುವ ಜನ ಇದ್ದಾರೆ ಎನ್ನುವುದೂ ಅವನ ಶಕ್ತಿಯ ಪಟ್ಟಿಗೆ ಸೇರಲಿ.